ಷರ್ಮನ್ ಟ್ಯಾಂಕಿನ ಬೆನ್ನ ಮೇಲೆ ಎರಡು ತಗಡಿನ ಗೂಡು ಯಾಕೆ? ನೀರಿನಲ್ಲಿ ಟ್ಯಾಂಕ್ ಹೇಗೆ ನಡೀತಿತ್ತು?

ಅಂಟು_ಕತ್ತರಿ:

ಎಲ್ಲರಿಗೂ ನಮಸ್ಕಾರ. ನನಗೆ ಪ್ಲಾಸ್ಟಿಕ್ ಮಾಡೆಲ್ ಕಟ್ಟುವ ಹುಚ್ಚು. ಈಗ ಮೇಜಿನ ಮೇಲಿರುವುದು 1/35 ಅಳತೆಯ ಷರ್ಮನ್ ಟ್ಯಾಂಕ್, 1944ರ ಜೂನ್ 6ರಂದು ಫ್ರಾನ್ಸಿನ ನಾರ್ಮಂಡಿ ದಡಕ್ಕೆ ಇಳಿದ ಅಮೆರಿಕದ ಗಾಡಿ. ಮೂರು ವಾರದಿಂದ ರಾತ್ರಿ ಊಟ ಆದಮೇಲೆ ಕೂರುತ್ತಿದ್ದೇನೆ. ಚಕ್ರ, ಚೈನು, ಟರೆಟ್ (ಮೇಲೆ ತಿರುಗುವ ಗನ್ ಗೋಪುರ) ಎಲ್ಲ ಆಯಿತು. ಉಳಿದಿರುವುದು ಎರಡು ಉದ್ದನೆಯ ಚೌಕದ ಗೂಡುಗಳು. ಹಿಂಭಾಗದಲ್ಲಿ ಒಂದರ ಹಿಂದೆ ಒಂದು ನಿಲ್ಲಿಸಬೇಕಂತೆ. ಮೇಲ್ಗಡೆ ಬಾಯಿ ಬಾಗಿದೆ, ಹಳೇ ಹಡಗಿನ ಗಾಳಿಗೊಳವೆ ಥರ. ನಮ್ಮನೆಯವಳು ನೋಡಿ "ಇದೇನು, ಟ್ಯಾಂಕಿಗೆ ಅಡುಗೆಮನೆ ಚಿಮಣಿ ಇಟ್ಟಿದ್ದೀರಾ" ಅಂದಳು. ಉತ್ತರ ಹೇಳಲು ನನಗೂ ಗೊತ್ತಾಗಲಿಲ್ಲ.

ನೀರಿನಲ್ಲಿ ಹೋಗಲು ಅಂತ ಮಾತ್ರ ಗೊತ್ತು. ನನ್ನ ಅನುಮಾನಗಳು ಇವು. ಹೊಗೆ ಹೋಗಲು ಒಂದು ಸಾಕಲ್ವಾ, ಎರಡು ಯಾಕೆ? ಎಂಜಿನ್ನಿಗೆ ಗಾಳಿ ಸಿಕ್ಕಿತು ಸರಿ, ಆದರೆ ಟ್ಯಾಂಕಿನ ತುಂಬ ತೂತುಗಳೇ ಇವೆ, ಗನ್ ಇಣುಕುವ ಜಾಗ, ಟರೆಟ್ ತಿರುಗುವ ಸಂದು, ಡ್ರೈವರ್ ಮುಚ್ಚಳ. ಅಲ್ಲೆಲ್ಲ ನೀರು ನುಗ್ಗುವುದಿಲ್ಲವಾ? ಇನ್ನೊಂದು, ಸುತ್ತ ಕ್ಯಾನ್ವಾಸ್ ಕಟ್ಟಿಕೊಂಡು ತೇಲುವ ಷರ್ಮನ್ ಫೋಟೋನೂ ನೋಡಿದ್ದೇನೆ. ತೇಲುವ ಟ್ಯಾಂಕ್ ಇದ್ದಮೇಲೆ ಈ ತಗಡಿನ ಗೂಡು ಯಾಕೆ ಬೇಕಿತ್ತು? ಕೊನೆಗೆ, ದಡ ಮುಟ್ಟಿದ ಟ್ಯಾಂಕ್ ತೋರಿಸಬೇಕಾದರೆ ಗೂಡು ಇಡಬೇಕಾ, ತೆಗೆಯಬೇಕಾ?

ಹಳೇ_ನಕ್ಷೆ:

ಒಳ್ಳೇ ಪ್ರಶ್ನೆ. ಎರಡರಲ್ಲಿ ಹೊಗೆಯದು ಒಂದೇ. ಟರೆಟ್ಟಿಗೆ ಹತ್ತಿರ ಇರುವುದು ಗಾಳಿ ಒಳಗೆ ಎಳೆಯಲು, ತೀರಾ ಹಿಂದಿರುವುದು ಬಿಸಿಗಾಳಿ ಮತ್ತು ಹೊಗೆ ಹೊರಗೆ ಬಿಡಲು. ಇದಕ್ಕೆ ವೇಡಿಂಗ್ ಟ್ರಂಕ್ ಅನ್ನುತ್ತಾರೆ, ವೇಡಿಂಗ್ ಅಂದರೆ ನೀರಿನಲ್ಲಿ ನಡೆದು ದಾಟುವುದು. ಪೂರ್ತಿ ಸಾಮಾನು ಸೇರಿಸಿ ವೇಡಿಂಗ್ ಕಿಟ್.

ಎರಡು ಬೇಕಾದ ಕಾರಣ ಎಂಜಿನ್ನಿನಲ್ಲೇ ಇದೆ. ನಿಮ್ಮದು ಷರ್ಮನ್ನಿನ ಎಂ4 ಅಥವಾ ಎಂ4ಎ1 ಮಾದರಿ ಆಗಿದ್ದರೆ ಒಳಗಿರುವುದು ವಿಮಾನಕ್ಕೆ ಅಂತ ಹುಟ್ಟಿದ ಎಂಜಿನ್. ಆರ್-975, ಒಂಬತ್ತು ಸಿಲಿಂಡರ್, ಹೂವಿನ ಎಸಳಿನ ಹಾಗೆ ಸುತ್ತ ಜೋಡಿಸಿದ್ದು. ಅದಕ್ಕೆ ರೇಡಿಯೇಟರ್ ನೀರು ಇಲ್ಲ, ಗಾಳಿಯಿಂದಲೇ ತಣ್ಣಗಾಗಬೇಕು. ದೊಡ್ಡ ಫ್ಯಾನ್ ಒಂದು ಹಿಂಭಾಗದ ಮೇಲ್ಛಾವಣಿಯ ಜಾಲರಿಯಿಂದ ಗಾಳಿ ಎಳೆದು, ಸಿಲಿಂಡರುಗಳ ಮೇಲೆ ಹಾಯಿಸಿ, ಬಾಲದ ಹತ್ತಿರ ಹೊರಗೆ ತಳ್ಳುತ್ತದೆ. ಅಂದರೆ ಎಂಜಿನ್ ಕುಡಿಯುವ ಗಾಳಿ ಸ್ವಲ್ಪ, ಮೈಗೆ ಬೀಸಿಕೊಳ್ಳುವ ಗಾಳಿ ಬಹಳ. ಅದಕ್ಕೇ ಗೂಡುಗಳು ಅಷ್ಟು ದಪ್ಪ. ಬರೀ ಉಸಿರಾಟಕ್ಕೆ ಆಗಿದ್ದರೆ ಒಂದು ಪೈಪು ಸಾಕಿತ್ತು.

ಕಿಟ್ ಇಲ್ಲದ ಷರ್ಮನ್ ಸುಮಾರು 3 ಅಡಿ ನೀರು ದಾಟುತ್ತದೆ. ಕಿಟ್ ಹಾಕಿದರೆ ಸುಮಾರು 6 ಅಡಿ. ಟ್ಯಾಂಕಿನ ಎತ್ತರವೇ 9 ಅಡಿ. ಆರಡಿ ನೀರಿನಲ್ಲಿ ಅಲೆ ಬಂದರೆ ಟರೆಟ್ಟಿನ ಬುಡದ ತನಕ ಬಡಿಯುತ್ತದೆ, ಮೇಲೆ ಕಾಣುವುದು ಟರೆಟ್ ಮತ್ತು ಈ ಎರಡು ಗೂಡು ಮಾತ್ರ.

ಇನ್ನು ತೂತುಗಳ ವಿಷಯ. ನಿಜವಾದ ಕೆಲಸ ಇದೇ. ತಗಡಿನ ಗೂಡು ಬೋಲ್ಟ್ ಹಾಕಿ ನಿಲ್ಲಿಸಿದರೆ ಮುಗಿಯಿತು, ಫೋಟೋದಲ್ಲಿ ಅದೇ ಎದ್ದು ಕಾಣುತ್ತದೆ. ಆದರೆ ಟ್ಯಾಂಕನ್ನು ಕಾಪಾಡಿದ್ದು ಅಂಟು. ಬ್ರಿಟಿಷರು ಬಾಸ್ಟಿಕ್ ಅನ್ನುವ ಮೆತ್ತನೆಯ ಅಂಟನ್ನು ಸಂದುಸಂದಿಗೂ ಮೆತ್ತುತ್ತಿದ್ದರು, ನಾವು ಸೋರುವ ನಲ್ಲಿ ಪೈಪಿಗೆ ಎಂ-ಸೀಲ್ ನಾದಿ ಒತ್ತುತ್ತೇವಲ್ಲ, ಹೆಚ್ಚುಕಡಿಮೆ ಹಾಗೇ. ದೊಡ್ಡ ಸಂದುಗಳಿಗೆ ಬಲೂನ್ ಬಟ್ಟೆ, ಅಂದರೆ ಆಗಿನ ಬ್ಯಾರೇಜ್ ಬಲೂನಿಗೆ ಬಳಸುತ್ತಿದ್ದ ರಬ್ಬರ್ ಹಾಕಿದ ಬಟ್ಟೆ. ಗನ್ ಹೊರಬರುವ ಕವಚದ ಸುತ್ತ, ಮುಂದಿನ ಮಷಿನ್ ಗನ್ ಗುಂಡಿಯ ಸುತ್ತ, ಟರೆಟ್ ಬುಡದ ಸುತ್ತ ಆ ಬಟ್ಟೆ ಕಟ್ಟಿ ಅಂಚಿಗೆ ಅಂಟು. ಗನ್ನಿನ ಬಾಯಿಗೂ ಮುಚ್ಚಳ. ಟ್ಯಾಂಕಿನ ಹೊಟ್ಟೆಯಡಿ ಎಣ್ಣೆ ಬಿಡುವ ಬಿರಡೆಗಳಿರುತ್ತವಲ್ಲ, ಅವಕ್ಕೂ. ಒಂದು ಮರೆತರೂ ಕೆಳಗಿಂದ ಕಾರಂಜಿ.

ಟರೆಟ್ ಬುಡಕ್ಕೆ ಬಟ್ಟೆ ಅಂಟಿಸಿದ ಮೇಲೆ ಟರೆಟ್ ತಿರುಗಿಸುವ ಹಾಗಿಲ್ಲ. ದಡಕ್ಕೆ ಬಂದ ತಕ್ಷಣ ಗುಂಡು ಹಾರಿಸಬೇಕು, ಆದರೆ ಕೆಳಗಿಳಿದು ಚಾಕು ಹಿಡಿದು ಕತ್ತರಿಸಲು ಯಾರು ಬಿಡುತ್ತಾರೆ? ಅದಕ್ಕೆ ಬಟ್ಟೆಯ ಅಡಿಯಲ್ಲೇ ಕಾರ್ಡ್‌ಟೆಕ್ಸ್ ಅನ್ನುವ ಸ್ಫೋಟಕ ಹಗ್ಗ ಹಾಕಿರುತ್ತಿದ್ದರು. ಒಳಗಿನಿಂದಲೇ ಸಿಡಿಸಿದರೆ ಬಟ್ಟೆ ಹರಿದು ಟರೆಟ್ ಬಿಡುಗಡೆ. ಗೂಡುಗಳ ಮೇಲಿನ ತುಂಡನ್ನೂ ಬೇಗ ಕಳಚಿ ಬೀಳಿಸಬಹುದಿತ್ತು. ಅದು ನಿಂತಿದ್ದರೆ ಗನ್ ಹಿಂದಕ್ಕೆ ತಿರುಗುವುದಿಲ್ಲ.

ಗ್ಯಾರೇಜ್_ಅಣ್ಣ:

ಯುದ್ಧದ ಇತಿಹಾಸ ನನಗೆ ಗೊತ್ತಿಲ್ಲ, ಎಂಜಿನ್ ಗೊತ್ತು. ಸೈಲೆನ್ಸರ್ ನೀರಿನಲ್ಲಿ ಮುಳುಗಿದರೂ ಗಾಡಿ ಓಡುತ್ತದೆ. ಹೊಗೆಯ ಒತ್ತಡವೇ ನೀರನ್ನು ಹೊರಗೆ ತಳ್ಳುತ್ತದೆ, ಬುಳುಬುಳು ಅಂತ ಗುಳ್ಳೆ ಬರುತ್ತದೆ ಅಷ್ಟೇ. ಆಕ್ಸಿಲರೇಟರ್ ಬಿಡಬಾರದು, ಅದೇ ಕಂಡೀಷನ್. ಆದರೆ ಏರ್ ಫಿಲ್ಟರಿನ ಬಾಯಿ ಮುಳುಗಿದರೆ ಕಥೆ ಮುಗಿಯಿತು.

2022ರ ಸೆಪ್ಟೆಂಬರ್‌ನಲ್ಲಿ ಬೆಳ್ಳಂದೂರು ಕಡೆ ರಸ್ತೆ ಎಲ್ಲ ಕೆರೆ ಆಗಿತ್ತಲ್ಲ, ಆಗ ನನ್ನ ಗ್ಯಾರೇಜಿಗೆ ಟೋ ಮಾಡಿಸಿಕೊಂಡು ಬಂದ ಕಾರುಗಳು ಹತ್ತಾರು. ಒಂದು ಡೀಸೆಲ್ ಕಾರಿನ ಕನೆಕ್ಟಿಂಗ್ ರಾಡ್ ಇನ್ನೂ ಟೇಬಲ್ ಮೇಲೆ ಪೇಪರ್‌ವೇಟ್ ಆಗಿ ಇಟ್ಟುಕೊಂಡಿದ್ದೇನೆ. ಬೆರಳು ಗಾತ್ರದ ಉಕ್ಕಿನ ರಾಡು, ನಡುವಿನಲ್ಲಿ ಬಾಳೆಹಣ್ಣಿನ ಹಾಗೆ ಬಾಗಿದೆ. ಗಾಳಿಯನ್ನು ಒತ್ತಬಹುದು, ನೀರನ್ನು ಒತ್ತಲು ಆಗುವುದಿಲ್ಲ. ಸಿಲಿಂಡರಿನಲ್ಲಿ ನೀರು ತುಂಬಿದಾಗ ಪಿಸ್ಟನ್ ಮೇಲೆ ಬಂದರೆ ಏನೋ ಒಂದು ಮುರಿಯಲೇಬೇಕು. ಓನರಿಗೆ ಹೇಳಿದೆ, ನೀರಿನಲ್ಲಿ ಆಫ್ ಆದಮೇಲೆ ಮತ್ತೆ ಸ್ಟಾರ್ಟ್ ಹೊಡೆದಿರಲ್ಲ ಸಾರ್, ಅದೇ ತಪ್ಪು ಅಂತ. ಅವರು ಮೂರು ಸಲ ಹೊಡೆದಿದ್ದರಂತೆ.

ಹಾಗಾಗಿ ಟ್ಯಾಂಕಿನ ಮುಂದಿನ ಗೂಡು ಯಾಕೆ ಅಂತ ನನಗೆ ಯಾರೂ ಹೇಳಬೇಕಾಗಿಲ್ಲ 😄 ಸಕಲೇಶಪುರದ ಕಡೆ ಜೀಪಿಗೆ ಸ್ನಾರ್ಕೆಲ್, ಅಂದರೆ ಗಾಳಿ ಎಳೆಯುವ ಎತ್ತರದ ಪೈಪು ಹಾಕಿಸಿಕೊಂಡು ಹೊಳೆಗೆ ಇಳಿಯುವ ಹುಡುಗರೂ ಅದನ್ನೇ ಮಾಡುವುದು. ಆದರೆ ಆ ಗಾಳಿ ಬೀಸಿಕೊಳ್ಳುವ ಎಂಜಿನ್ ವಿಷಯ ಚೆನ್ನಾಗಿದೆ. ಗೂಡಿನೊಳಗೆ ಕೂರಿಸಿದರೆ ಬಿಸಿ ಆಗುವುದಿಲ್ಲವಾ?

ಹಳೇ_ನಕ್ಷೆ:

ಆಗುತ್ತಿತ್ತು ಅಣ್ಣ. ಅದಕ್ಕೇ ಅಂಟಿಸುವ ಕೆಲಸವನ್ನು ಹಂತಹಂತವಾಗಿ ಮಾಡುತ್ತಿದ್ದರು. ಮೊದಲಿನ ಹಂತ ಶಿಬಿರದಲ್ಲಿ, ಕೊನೆಯ ಸಂದುಗಳನ್ನು ಮುಚ್ಚುವುದು ಹಡಗು ಹತ್ತುವ ಹೊತ್ತಿಗೆ ಅಥವಾ ಹಡಗಿನ ಮೇಲೇ. ಪೂರ್ತಿ ಮುಚ್ಚಿದ ಗಾಡಿಯನ್ನು ರಸ್ತೆಯಲ್ಲಿ ಮೈಲುಗಟ್ಟಲೆ ಓಡಿಸುವ ಹಾಗಿರಲಿಲ್ಲ. ದಡ ಸೇರಿದ ಮೇಲೂ ಬೇಗ ಬಿಚ್ಚಬೇಕಿತ್ತು. ಟ್ಯಾಂಕ್ ಮಾತ್ರ ಅಲ್ಲ, ನಾರ್ಮಂಡಿಗೆ ಹೋದ ಜೀಪು, ಲಾರಿಗಳಿಗೂ ಇದೇ ಸಂಭ್ರಮ.

ತೇಲುವ_ಕಲ್ಲು:

ತಗಡು, ಅಂಟು ಎಲ್ಲ ಸರಿ. ಆದರೆ ನಿಜವಾದ ಬುದ್ಧಿವಂತಿಕೆ ತೇಲುವ ಟ್ಯಾಂಕಿನದು. ಡಿಡಿ ಷರ್ಮನ್, ಅಂದರೆ ಡ್ಯುಪ್ಲೆಕ್ಸ್ ಡ್ರೈವ್, ನೆಲದಲ್ಲಿ ಚೈನು, ನೀರಿನಲ್ಲಿ ಪ್ರೊಪೆಲ್ಲರ್. ಹಂಗೆರಿಯಲ್ಲಿ ಹುಟ್ಟಿ ಇಂಗ್ಲೆಂಡಿಗೆ ಬಂದ ನಿಕೊಲಸ್ ಸ್ಟ್ರಾಸ್ಲರ್ ಅನ್ನುವ ಎಂಜಿನಿಯರ್ ತಲೆ ಅದು. ಸುತ್ತ ಕ್ಯಾನ್ವಾಸ್ ಗೋಡೆ, ಅದನ್ನು ಎತ್ತಿಹಿಡಿಯಲು ಗಾಳಿ ತುಂಬಿದ 36 ರಬ್ಬರ್ ಕೊಳವೆ. ಹಿಂದೆ ಎರಡು ಪ್ರೊಪೆಲ್ಲರ್. ದಡ ಮುಟ್ಟಿದ ಕೂಡಲೇ ಗಾಳಿ ಬಿಟ್ಟರೆ ಗೋಡೆ ಕುಸಿಯುತ್ತದೆ, ಗನ್ ರೆಡಿ. ಶತ್ರುವಿಗೆ ದೂರದಿಂದ ಸಣ್ಣ ದೋಣಿ ಬಂದ ಹಾಗೆ ಕಾಣುತ್ತದೆ, ಹತ್ತಿರ ಬಂದಮೇಲೆ ನೋಡಿದರೆ ಟ್ಯಾಂಕ್! ಇದರ ಮುಂದೆ ನಿಮ್ಮ ಚಿಮಣಿ ಏನು? ಗೂಡಿನ ಟ್ಯಾಂಕಾದರೆ ಅದನ್ನು ಹೊತ್ತ ದೋಣಿ ದಡಕ್ಕೆ ಬರೋವರೆಗೆ ಕಾಯಬೇಕು, ದೋಣಿಗೇ ಷೆಲ್ ಬಿದ್ದರೆ ಎಲ್ಲ ಹೋಯಿತು.

ಹಳೇ_ನಕ್ಷೆ:

ಬುದ್ಧಿವಂತಿಕೆ ಒಪ್ಪಿದೆ. ಸುಮಾರು 30 ಟನ್ ಕಬ್ಬಿಣ ತೇಲಬೇಕು ಅಂದರೆ ಅಷ್ಟೇ ತೂಕದ ನೀರನ್ನು ಪಕ್ಕಕ್ಕೆ ಸರಿಸಬೇಕು, 30,000 ಲೀಟರ್. ಬೆಂಗಳೂರಿನಲ್ಲಿ ಮನೆಗೆ ಬರುವ 6,000 ಲೀಟರಿನ ನೀರಿನ ಟ್ಯಾಂಕರ್ ಐದು ಸೇರಿದರೆ ಎಷ್ಟೋ ಅಷ್ಟು. ಅದನ್ನು ಬರೀ ಬಟ್ಟೆಯ ಗೋಡೆಯಿಂದ ಮಾಡಿದ್ದು ಸಣ್ಣ ಮಾತಲ್ಲ. ಪ್ರೊಪೆಲ್ಲರ್ ಓಡಿಸಿದ ರೀತಿಯೂ ಚಂದ. ಷರ್ಮನ್ನಿನ ಚೈನಿಗೆ ಶಕ್ತಿ ಹೋಗುವುದು ಮುಂದಿನ ಚಕ್ರದಿಂದ, ಪ್ರೊಪೆಲ್ಲರ್ ಇರುವುದು ಹಿಂದೆ. ಹಾಗಾಗಿ ಚೈನು ತಿರುಗಿ, ಅದು ಹಿಂದಿನ ಚಕ್ರ ತಿರುಗಿಸಿ, ಅದರಿಂದ ಪ್ರೊಪೆಲ್ಲರ್. ನೀರಿನಲ್ಲಿ ತೇಲುವಾಗಲೂ ಅಡಿಯಲ್ಲಿ ಚೈನು ಸುಮ್ನೆ ಸುತ್ತುತ್ತಲೇ ಇರುತ್ತದೆ. ಕಮಾಂಡರ್ ಟರೆಟ್ಟಿನ ಹಿಂದೆ ಹಲಗೆ ಮೇಲೆ ನಿಂತು ಗೋಡೆಯ ಮೇಲಿಂದ ಇಣುಕುತ್ತಾ ದಾರಿ ನೋಡುತ್ತಾನೆ. ವೇಗ ಗಂಟೆಗೆ ಏಳು ಕಿ.ಮೀ. ಸುತ್ತಮುತ್ತ.

ಆದರೆ ಆ ಗೋಡೆ ಬಟ್ಟೆಯದು. ನಾರ್ಮಂಡಿಯ ಒಮಾಹಾ ದಡದಲ್ಲಿ ಏನಾಯಿತು ನೋಡಿ. 741ನೇ ಟ್ಯಾಂಕ್ ಬೆಟಾಲಿಯನ್ 29 ಡಿಡಿಗಳನ್ನು ದಡದಿಂದ ಸುಮಾರು ಐದು ಕಿ.ಮೀ. ದೂರದಲ್ಲೇ ನೀರಿಗೆ ಬಿಟ್ಟಿತು. ಆ ಬೆಳಿಗ್ಗೆ ಅಲೆ ಆರಡಿ ಎತ್ತರದ ತನಕ ಇತ್ತು. ಈ ಟ್ಯಾಂಕುಗಳನ್ನು ಯೋಚಿಸಿ ಮಾಡಿದ್ದು ಅಡಿಯೆತ್ತರದ ಅಲೆಗೆ. 27 ಮುಳುಗಿದವು. ಈಜಿ ದಡ ಸೇರಿದ್ದು ಎರಡು. ಒಂದು ದೋಣಿಯಲ್ಲಿ ಉಳಿದಿದ್ದ ಮೂರನ್ನು ದೋಣಿಯವನೇ ದಡಕ್ಕೆ ತಂದು ಇಳಿಸಿದ. ಪಕ್ಕದ 743ನೇ ಬೆಟಾಲಿಯನ್ನಿನ 32 ಡಿಡಿಗಳ ವಿಷಯದಲ್ಲಿ ಡೀನ್ ರಾಕ್‌ವೆಲ್ ಅನ್ನುವ ನೌಕಾಪಡೆ ಅಧಿಕಾರಿ ಸಮುದ್ರ ನೋಡಿ, ಈಜಿಸುವುದು ಬೇಡ, ನೇರ ದಡಕ್ಕೇ ಒಯ್ಯೋಣ ಅಂತ ನಿರ್ಧಾರಕ್ಕೆ ಬಂದ. ಅವು ಈಜದೆ ಇಳಿದವು.

ಈಗ ನಿಮ್ಮ ಚಿಮಣಿ ವಿಷಯ. ಈ ಎರಡೂ ಬೆಟಾಲಿಯನ್ನುಗಳ ಎ ಕಂಪನಿಗೆ ಡಿಡಿ ಕೊಟ್ಟಿರಲಿಲ್ಲ. ಅವರ ಹತ್ತಿರ ಇದ್ದದ್ದು ಇದೇ ಗೂಡು ಹಾಕಿದ ಮಾಮೂಲಿ ಷರ್ಮನ್. ಲ್ಯಾಂಡಿಂಗ್ ಕ್ರಾಫ್ಟಿನಿಂದ ರ‍್ಯಾಂಪ್ ಇಳಿದು, ನೀರಿನಲ್ಲಿ ನಡೆದು ದಡ ಹತ್ತಿದರು. ಒಮಾಹಾದಲ್ಲಿ ಕಾಲಾಳುಗಳ ಪಕ್ಕದಲ್ಲಿ ಟ್ಯಾಂಕ್ ಅಂತ ಏನಾದರೂ ಇದ್ದರೆ ಅದರಲ್ಲಿ ದೊಡ್ಡ ಪಾಲು ಹೀಗೆ ನಡೆದು ಬಂದವು ಮತ್ತು ದೋಣಿಯಿಂದ ನೇರ ಇಳಿದವು.

ಡಿಡಿ ಪೂರ್ತಿ ದಂಡ ಅಂತ ನಾನು ಹೇಳುವುದಿಲ್ಲ. ನಾರ್ಮಂಡಿಯದೇ ಯೂಟಾ ದಡದಲ್ಲಿ ಇನ್ನೂ ಹತ್ತಿರ ತಂದು ಬಿಟ್ಟರು, ಬಹುಪಾಲು ದಡ ಸೇರಿದವು. ಸೋರ್ಡ್ ದಡದಲ್ಲೂ ಹೆಚ್ಚಿನವು ಬಂದವು. ಸಮುದ್ರ ಕರುಣೆ ತೋರಿದರೆ ಡಿಡಿಯಂಥದ್ದು ಇಲ್ಲ. ಕರುಣೆ ತೋರದಿದ್ದರೆ ತಗಡು, ಅಂಟು ವಾಸಿ. ನನ್ನ ಮತ ಅಂಟಿಗೆ.

ತೇಲುವ_ಕಲ್ಲು:

ಐದು ಕಿ.ಮೀ. ದೂರದಲ್ಲಿ ಬಿಟ್ಟವನ ತಪ್ಪನ್ನು ಟ್ಯಾಂಕಿನ ತಲೆಗೆ ಕಟ್ಟುತ್ತಿದ್ದೀರಿ ಗುರು. ಇರಲಿ, ಅಲೆ ವಿಷಯ ಒಪ್ಪಿದೆ. ಇಂಗ್ಲೆಂಡಿನ ಟಾರ್‌ಕ್ರಾಸ್ ಅನ್ನುವ ಊರಿನಲ್ಲಿ ಒಂದು ಡಿಡಿ ಇದೆ, ತಾಲೀಮಿನಲ್ಲಿ ಮುಳುಗಿದ್ದು. ಕೆನ್ ಸ್ಮಾಲ್ ಅನ್ನುವವರು 1984ರಲ್ಲಿ ಅದನ್ನು ಸಮುದ್ರದಿಂದ ಎತ್ತಿಸಿ ಸ್ಮಾರಕ ಮಾಡಿದರು. ಕಪ್ಪು ಬಳಿದು ನಿಲ್ಲಿಸಿದ್ದಾರೆ. ಮಾಡೆಲ್ ಮಾಡುವವರು ಅದರ ಹಿಂಭಾಗದ ಫೋಟೋ ನೋಡಲೇಬೇಕು.

ಸುಬೇದಾರ್_ಮಡಿಕೇರಿ:

ಮಕ್ಕಳೇ, ನಿಮ್ಮ ಜಗಳ ನೋಡಿ ಖುಷಿಯಾಯಿತು. ನಾನು ಸೇನೆಯ ಇಎಂಇಯಲ್ಲಿ ಇದ್ದವನು, ಟ್ಯಾಂಕ್ ರಿಪೇರಿಯೇ ಹೊಟ್ಟೆಪಾಡು. ಅಂಟಿನ ಮಹಿಮೆ ನೀವು ಓದಿದ್ದೀರಿ, ನಾನು ಉಗುರಿನಲ್ಲಿ ಹೊತ್ತಿದ್ದೇನೆ. ಟಿ-72 ಟ್ಯಾಂಕಿಗೆ ಸ್ನಾರ್ಕೆಲ್ ಹಾಕಿ ನೀರಿಗೆ ಇಳಿಸುವ ತರಬೇತಿಗೆ ಮೊದಲು ನಾವು ಸೀಲ್ ಪರೀಕ್ಷೆ ಮಾಡಬೇಕು. ಏನೂ ತಯಾರಿ ಇಲ್ಲದೆ ಆ ಗಾಡಿ 1.2 ಮೀಟರ್ ನೀರು ದಾಟುತ್ತದೆ, ಸ್ನಾರ್ಕೆಲ್ ಹಾಕಿದರೆ 5 ಮೀಟರ್. ಷರ್ಮನ್ನಿನ ಹಾಗಲ್ಲ, ಇಲ್ಲಿ ಗಾಡಿಯೇ ಮುಳುಗಿ ಮೇಲೆ ಪೈಪಿನ ತುದಿ ಮಾತ್ರ ಕಾಣುತ್ತದೆ. ಎಂಜಿನ್ ಆ ಪೈಪಿನಿಂದ, ಒಳಗಿನ ಜನ ಕೂರುವ ಜಾಗದ ಮೂಲಕವೇ ಉಸಿರೆಳೆಯುತ್ತದೆ. ಹೊಗೆ ಹೊರಗೆ ಹೋಗಲು ಒಮ್ಮುಖ ವಾಲ್ವ್, ಹೋಗುತ್ತದೆ, ನೀರು ಬರುವುದಿಲ್ಲ. ಗ್ಯಾರೇಜ್ ಅಣ್ಣ ಹೇಳಿದ ಬುಳುಬುಳು ಅದೇ.

ಡ್ರೈವರಿಗೆ ಹೊರಗಿನದು ಏನೂ ಕಾಣುವುದಿಲ್ಲ. ಗೈರೋ ಕಂಪಾಸ್ ನೋಡಿ ನೇರ ಹೋಗಬೇಕು. ಗೇರ್ ಬದಲಿಸಬಾರದು, ನಿಲ್ಲಿಸಬಾರದು. ನೀರು ಗಾಡಿಯ ತೂಕದ ಒಂದು ಪಾಲನ್ನು ಎತ್ತಿ ಹಿಡಿದಿರುತ್ತದೆ, ಚೈನಿಗೆ ಹಿಡಿತ ಕಡಿಮೆ, ಜಾರುತ್ತದೆ.

ಎಂಜಿನ್ ನಿಂತರೆ ಏನು ಅಂತ ಹುಡುಗರು ಯಾವಾಗಲೂ ಕೇಳುತ್ತಿದ್ದರು. ಮುಚ್ಚಳ ತೆಗೆದು ಬರುವುದಲ್ವಾ ಸಾಬ್ ಅಂತ. 60 ಸೆಂ.ಮೀ. ಅಗಲದ ಮುಚ್ಚಳ ಅಂತ ಇಟ್ಟುಕೊಳ್ಳಿ, ಅದರ ಮೇಲೆ 2.8 ಮೀಟರ್ ನೀರು ನಿಂತರೆ ಭಾರ ಸುಮಾರು 800 ಕೆ.ಜಿ. ಒಂದು ಎಮ್ಮೆ ಕೂತ ಹಾಗೆ ಅಲ್ಲ, ಎರಡು ಎಮ್ಮೆ. ಯಾವ ಪೈಲ್ವಾನ ಎತ್ತುತ್ತಾನೆ? ಹಾಗಾಗಿ ಕಲಿಸುವುದು ಉಲ್ಟಾ. ಮೊದಲು ಉಸಿರಾಟದ ಮುಖವಾಡ ಹಾಕಿಕೊ, ಆಮೇಲೆ ನೀನೇ ಗಾಡಿಯೊಳಗೆ ನೀರು ಬಿಟ್ಟುಕೊ, ಕತ್ತಿನ ಮೇಲೆ ಬರುವ ತನಕ ಸುಮ್ಮನೆ ಕೂರು, ಒಳಗೂ ಹೊರಗೂ ಒತ್ತಡ ಸಮ ಆದಾಗ ಮುಚ್ಚಳ ಕೈಯಲ್ಲಿ ಏಳುತ್ತದೆ. ಹೇಳುವುದು ಸುಲಭ. ಮೊದಲ ಸಲ ನೀರು ಮಂಡಿಗೆ ಬಂದಾಗ ಎಲ್ಲರ ಕೈಯೂ ಮುಚ್ಚಳಕ್ಕೇ ಹೋಗುತ್ತದೆ.

ನಮ್ಮ ಕಡೆಯ ಒಂದು ಮಾತು ಸೇರಿಸುತ್ತೇನೆ. 1971ರ ಬಾಂಗ್ಲಾ ಯುದ್ಧದಲ್ಲಿ ಮೇಘನಾ ನದಿ ದಾಟಿದ ನಮ್ಮ ಪಿಟಿ-76 ತೇಲುವ ಟ್ಯಾಂಕೇ, ಕ್ಯಾನ್ವಾಸ್ ಏನೂ ಬೇಡ, ಹುಟ್ಟಿನಿಂದಲೇ ದೋಣಿ. ಆದರೆ ಆ ನದಿ ಅಗಲ ಜಾಸ್ತಿ. ಅರ್ಧ ಗಂಟೆ ಈಜಿದ ಮೇಲೆ ಎಂಜಿನ್ ಕಾದುಹೋಗುತ್ತಿತ್ತು. ಅಲ್ಲಿನ ಅಂಬಿಗರು ತಮ್ಮ ದೋಣಿಗಳಿಂದ ಎಳೆದು ದಾಟಿಸಿದರು. ತೇಲುವ ಕಲ್ಲು ಅವರೇ, ಇದಕ್ಕೆ ಏನನ್ನುತ್ತೀರಿ?

ತೇಲುವ_ಕಲ್ಲು:

ಸುಬೇದಾರ್ ಸಾಹೇಬ್ರೇ, ಶರಣಾಗಿದ್ದೇನೆ 🙏

ಹಳೇ_ನಕ್ಷೆ:

ಸಾಹೇಬ್ರು ಹೇಳಿದ್ದನ್ನು ಓದಿದಾಗ ಜರ್ಮನ್ನರ ಟೌಖ್‌ಪಾಂಜರ್, ಅಂದರೆ ಮುಳುಗುವ ಟ್ಯಾಂಕ್, ನೆನಪಾಯಿತು. 1940ರಲ್ಲಿ ಇಂಗ್ಲೆಂಡಿನ ಮೇಲೆ ದಾಳಿಗೆ ಅಂತ ತಯಾರು ಮಾಡಿದ್ದು. ಪಾಂಜರ್ 3 ಟ್ಯಾಂಕಿಗೆ 18 ಮೀಟರ್ ಉದ್ದದ ರಬ್ಬರ್ ಹೋಸ್, ಅದರ ತುದಿ ನೀರಿನ ಮೇಲೆ ತೇಲುವ ಬುರುಡೆಗೆ ಕಟ್ಟಿದ್ದು, ಬುರುಡೆಯಲ್ಲೇ ರೇಡಿಯೋ ಕಂಬಿ. ದೋಣಿಯಿಂದ ರ‍್ಯಾಂಪ್ ಇಳಿದು ಸಮುದ್ರದ ತಳದಲ್ಲೇ ತೆವಳಿಕೊಂಡು ದಡ ಸೇರಬೇಕು, 15 ಮೀಟರ್ ಆಳದ ತನಕ. ಮೇಲಿನ ದೋಣಿಯವನು ರೇಡಿಯೋದಲ್ಲಿ ಎಡಕ್ಕೆ, ಬಲಕ್ಕೆ ಅನ್ನುತ್ತಿದ್ದ. ಟರೆಟ್ ಬುಡದ ಸುತ್ತ ಗಾಳಿ ತುಂಬಿದ ರಬ್ಬರ್ ಬಳೆ, ನಮ್ಮ ಸೈಕಲ್ ಟ್ಯೂಬಿನ ಹಾಗೆ. ಇಂಗ್ಲೆಂಡಿಗೆ ಅವು ಹೋಗಲೇ ಇಲ್ಲ. 1941ರ ಜೂನ್ 22ರಂದು ರಷ್ಯಾದ ಮೇಲೆ ದಾಳಿ ಶುರುವಾದ ಬೆಳಿಗ್ಗೆ 18ನೇ ಪಾಂಜರ್ ಡಿವಿಷನ್ ಬುಗ್ ನದಿಯ ತಳದಲ್ಲಿ ಅವನ್ನೇ ಓಡಿಸಿ ದಾಟಿತು.

ಇಷ್ಟೆಲ್ಲ ಸೀಲ್ ಮಾಡಿದರೂ ಒಂದು ಕಡೆ ಯಾರ ಕೈಯೂ ಹೋಗುವುದಿಲ್ಲ, ನೀರಿನ ಅಡಿ. ಕಿಟ್ ಆರಡಿ ಅಂದರೆ ಆರಡಿ, ಆರೂವರೆ ಅಡಿಯ ಗುಂಡಿ ಬಂದರೆ ಅಲ್ಲಿಗೆ ಮುಗಿಯಿತು. 1942ರ ಆಗಸ್ಟ್ 19ರಂದು ಫ್ರಾನ್ಸಿನ ದಿಯೆಪ್ ಮೇಲೆ ಕೆನಡಾದವರು ದಾಳಿ ಮಾಡಿದಾಗ ಚರ್ಚಿಲ್ ಟ್ಯಾಂಕುಗಳಿಗೆ ವೇಡಿಂಗ್ ಕಿಟ್ ಹಾಕಿದ್ದರು. ದೋಣಿಯಿಂದ ಇಳಿದ 29ರಲ್ಲಿ ಎರಡು ಮಾತ್ರ ಆಳದಲ್ಲಿ ಮುಳುಗಿದವು. ಅಂದರೆ ಕಿಟ್ ಪಾಸ್. ಆದರೆ ದಡ ಪೂರ್ತಿ ಮುಷ್ಟಿಗಾತ್ರದ ಗಟ್ಟಿ ಬೆಣಚುಕಲ್ಲು. ಅವು ಚೈನಿಗೂ ಚಕ್ರಕ್ಕೂ ನಡುವೆ ಸಿಕ್ಕಿಕೊಂಡು ಚೈನು ಕಿತ್ತುಬಂದ ಟ್ಯಾಂಕುಗಳು ಅಲ್ಲೇ ನಿಂತವು. ಇಳಿದ ಒಂದು ಟ್ಯಾಂಕೂ ವಾಪಸ್ ಬರಲಿಲ್ಲ.

ಪೆಸಿಫಿಕ್ಕಿನಲ್ಲಿ ಇನ್ನೂ ಕೆಟ್ಟದ್ದು. 1943ರ ನವೆಂಬರ್ 20, ತರಾವಾ ದ್ವೀಪ. ಅಮೆರಿಕದ ಮರೀನ್‌ಗಳ 14 ಷರ್ಮನ್, ಒಂದಕ್ಕೂ ಗೂಡು ಇಲ್ಲ. ದೋಣಿಗಳು ಹವಳದ ದಿಬ್ಬದ ಅಂಚಿನಲ್ಲೇ ನಿಂತುಬಿಟ್ಟವು, ದಡ ಇನ್ನೂ ನೂರಾರು ಮೀಟರ್ ದೂರ. ನೀರು ಸೊಂಟದ ಮಟ್ಟ ಅಷ್ಟೇ, ಹಾಗೇ ಹೋಗಬಹುದಿತ್ತು. ಆದರೆ ತಮ್ಮದೇ ಹಡಗುಗಳ ಷೆಲ್ಲು ಬಿದ್ದು ತೋಡಿದ ಗುಂಡಿಗಳು ನೀರಿನ ಅಡಿ ಕಾಣುತ್ತಿರಲಿಲ್ಲ. ಹಾಗಾಗಿ ಸೈನಿಕರು ಟ್ಯಾಂಕಿನ ಮುಂದೆ ನಡೆದು, ಕಾಲಿನಿಂದ ತಡಕಿ, ಗುಂಡಿ ಇದ್ದಲ್ಲಿ ಬಾವುಟ ನೆಡುತ್ತಾ ಹೋದರು. ಎದುರಿನಿಂದ ಮಷಿನ್ ಗನ್. ಆ ಜನ ಬಿದ್ದ ಹಾಗೆಲ್ಲ ದಾರಿ ತೋರಿಸುವವರು ಇಲ್ಲದೆ ಕೆಲವು ಟ್ಯಾಂಕ್ ಗುಂಡಿಗೆ ಬಿದ್ದು ಎಂಜಿನ್ನಿಗೆ ನೀರು ಕುಡಿದವು.

ಪಾಠ ಕಲಿತರು. 1944ರ ಸೆಪ್ಟೆಂಬರ್‌ನಲ್ಲಿ ಪೆಲೆಲಿಯು ದ್ವೀಪಕ್ಕೆ ಇಳಿದಾಗ ಟ್ಯಾಂಕುಗಳ ಮುಂದೆ ಎಲ್‌ವಿಟಿ ಅನ್ನುವ ತೇಲುವ ಚೈನುಗಾಡಿಯನ್ನು ಬಿಟ್ಟರು. ಉಪಾಯ ಎಷ್ಟು ಸರಳ ನೋಡಿ. ಎಲ್‌ವಿಟಿಯ ಚೈನು ನೆಲಕ್ಕೆ ತಾಗುವ ತನಕ ಹಿಂದಿನ ಟ್ಯಾಂಕುಗಳು ಅದರ ಜಾಡಿನಲ್ಲೇ ಬರಬೇಕು. ಅದು ತೇಲಲು ಶುರುವಾದರೆ ಅಲ್ಲಿ ಆಳ, ನಿಲ್ಲು, ಬೇರೆ ದಾರಿ ಸಿಗುವ ತನಕ ಕಾಯು. ತೇಲುವ ಗಾಡಿಯೇ ಅಳತೆಕೋಲು.

ಗ್ಯಾರೇಜ್_ಅಣ್ಣ:

ನಮ್ಮ ಹುಡುಗರು ಹೊಳೆ ದಾಟುವ ಮೊದಲು ಒಬ್ಬನನ್ನು ಕೋಲು ಕೊಟ್ಟು ಇಳಿಸುವುದೂ ಅದಕ್ಕೇ. ಒಂದು ಡೌಟು. ನೀರಿನಲ್ಲಿ ನಿಂತುಹೋದ ಟ್ಯಾಂಕನ್ನು ಯಾರು ಎಳೆಯುತ್ತಿದ್ದರು? ದಾರಿಗೆ ಅಡ್ಡ ಬಿದ್ದಿದ್ದರೆ ಹಿಂದಿನವರು ಹೇಗೆ ಬರಬೇಕು?

ಸುಬೇದಾರ್_ಮಡಿಕೇರಿ:

ಅದಕ್ಕೆ ನಾನು ಉತ್ತರ ಕೊಡುತ್ತೇನೆ, ಇದು ನಮ್ಮ ಜಾತಿಯ ಗಾಡಿ. ಬಾರ್ವ್ ಅಂತ ಹೆಸರು, ದಡದ ರಿಕವರಿ ಗಾಡಿ. ಬ್ರಿಟಿಷ್ ಸೇನೆಯ ರೀಮ್, ಅಂದರೆ ನಮ್ಮ ಇಎಂಇಯ ಅಣ್ಣ, ಅವರು ಮಾಡಿದ್ದು. ಷರ್ಮನ್ನಿನ ಟರೆಟ್ ಕಿತ್ತುಹಾಕಿ, ಅದರ ಜಾಗದಲ್ಲಿ ದೋಣಿಯ ಮೂತಿಯ ಹಾಗೆ ಎತ್ತರದ ಉಕ್ಕಿನ ಗೋಡೆ ಬೆಸೆದರು. 9 ಅಡಿ ನೀರಿನ ತನಕ ಹೋಗುತ್ತಿತ್ತು. ಡೀಸೆಲ್ ಎಂಜಿನ್ನಿನ ಎಂ4ಎ2 ಆರಿಸಿಕೊಂಡರು, ಬಿಸಿ ಎಂಜಿನ್ ತಣ್ಣನೆಯ ನೀರಿಗೆ ಇಳಿದಾಗ ಅದು ಕಡಿಮೆ ಮುನಿಸಿಕೊಳ್ಳುತ್ತಿತ್ತು ಅಂತ. ಸಿಬ್ಬಂದಿಯಲ್ಲಿ ಒಬ್ಬ ಮುಳುಗುಗಾರ ಇರುತ್ತಿದ್ದ. ನೀರಿನೊಳಗೆ ಹೋಗಿ ಕೆಟ್ಟ ಗಾಡಿಗೆ ಕೊಂಡಿ ಸಿಕ್ಕಿಸಿ ಬರುವುದು ಅವನ ಕೆಲಸ. ದಡಕ್ಕೆ ಸಿಕ್ಕಿಕೊಂಡ ಸಣ್ಣ ದೋಣಿಗಳನ್ನು ಮೂತಿಯಿಂದ ವಾಪಸ್ ನೀರಿಗೆ ನೂಕಲೂ ಅದೇ. ಗನ್ ಹೊಡೆದವರ ಫೋಟೋ ಪೇಪರಿನಲ್ಲಿ ಬರುತ್ತದೆ, ಕೊಂಡಿ ಸಿಕ್ಕಿಸಿದವನದು ಬರುವುದಿಲ್ಲ, ಹೋಗಲಿ ಬಿಡಿ.

ಅಂಟು_ಕತ್ತರಿ:

ನಾನು ಒಂದು ಚಿಮಣಿ ಬಗ್ಗೆ ಕೇಳಿದೆ, ನೀವು ಮೇಘನಾ ನದಿ ತನಕ ಕರೆದುಕೊಂಡು ಹೋದಿರಿ. ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ರಾತ್ರಿ ಎರಡೂ ಗೂಡು ಹೋಲಿಸಿ ನೋಡಿದೆ, ಕಿಟ್ಟಿನಲ್ಲಿ ಮೇಲಿನ ತುಂಡು ಮತ್ತು ಬುಡ ಬೇರೆಬೇರೆ ಕೊಟ್ಟಿದ್ದಾರೆ. ಯಾಕೆ ಅಂತ ಈಗ ಅರ್ಥ ಆಯಿತು.

ಹಳೇ ನಕ್ಷೆ ಅವರೇ, ಕೊನೆಯ ಪ್ರಶ್ನೆ ಉಳಿಯಿತು. ದಡದಲ್ಲಿ ಏನು ತೋರಿಸಲಿ?

ಹಳೇ_ನಕ್ಷೆ:

ಮರೆತೇಬಿಟ್ಟೆ, ಕ್ಷಮಿಸಿ. ನೀವು ತೋರಿಸುವ ಹೊತ್ತಿನ ಮೇಲೆ ಹೋಗುತ್ತದೆ. ನೀರಿನಿಂದ ಏಳುತ್ತಿರುವ ಗಾಡಿ ಆದರೆ ಎರಡೂ ಪೂರ್ತಿ ಇರಲಿ. ಊರೊಳಗೆ ಹೋದ ಮೇಲಿನದ್ದಾದರೆ ಮೇಲಿನ ತುಂಡು ತೆಗೆದು ಬುಡ ಮಾತ್ರ ಬಿಡಿ, ದಿನಗಟ್ಟಲೆ ಆ ಮೊಂಡು ಬುಡ ಹೊತ್ತುಕೊಂಡೇ ಓಡಾಡಿದ ಷರ್ಮನ್‌ಗಳ ಫೋಟೋ ಬೇಕಾದಷ್ಟು ಇವೆ. ಯುದ್ಧದ ನಡುವೆ ಸ್ಪ್ಯಾನರ್ ಹಿಡಿದು ಕೂರಲು ಯಾರಿಗೆ ಪುರಸೊತ್ತು. ಬಣ್ಣದ ವಿಷಯದಲ್ಲಿ ಒಂದು ಮಾತು. ಗೂಡು ಹೊಸಾ ತಗಡು, ಗಾಡಿ ಹಳೇದು, ಹಾಗಾಗಿ ಅದರ ಮೇಲೆ ಗೀರು, ಎಣ್ಣೆ ಕಲೆ ಜಾಸ್ತಿ ಬೇಡ. ಹಿಂದಿನ ಗೂಡಿನ ಬಾಯಿಗೆ ಮಾತ್ರ ಮಸಿ.

ಅಂಟು_ಕತ್ತರಿ:

ಮುಂದಿನ ಗೂಡಿಗೂ ಮಸಿ ಬಳಿದಿದ್ದೆ. ಈಗ ಒರೆಸುತ್ತಿದ್ದೇನೆ.

ಊರೊಳಗೆ ಬೇಡ, ನೀರಿನಂಚನ್ನೇ ತೋರಿಸುತ್ತೇನೆ. ಗನ್ ಕವಚದ ಸುತ್ತ ಹರಿದ ಬಟ್ಟೆ ಬೇಕಲ್ಲ, ಟಿಶ್ಯೂ ಪೇಪರನ್ನು ಫೆವಿಕಾಲ್ ನೀರಿನಲ್ಲಿ ಅದ್ದಿ ಅಂಟಿಸಿ, ಒಣಗಿದ ಮೇಲೆ ಸೂಜಿಯಿಂದ ಅಂಚು ಹರಿದೆ, ಸಿಡಿದ ಹಾಗೇ ಬಂದಿದೆ. ಟರೆಟ್ ಬುಡಕ್ಕೂ ಹಾಗೇ ಮಾಡಿದೆ, ಆದರೆ ಅಂಟು ಒಳಗೆ ಇಳಿದು ಟರೆಟ್ ತಿರುಗುತ್ತಿಲ್ಲ. ಕಾರ್ಡ್‌ಟೆಕ್ಸ್ ಎಲ್ಲಿ ಸಿಗುತ್ತೆ ಸುಬೇದಾರ್ ಸಾಹೇಬ್ರೇ?

ಸುಬೇದಾರ್_ಮಡಿಕೇರಿ:

ಬಿಸಿನೀರಿನಲ್ಲಿ ಅರ್ಧ ಗಂಟೆ ಇಡಪ್ಪ, ಫೆವಿಕಾಲ್ ತಾನೇ ಬಿಡುತ್ತದೆ.